ತಾಯಿಯ ಉದ್ಯೋಗ ಏನು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಲಂಡನ್ನಿಗೇನಾದರೂ ಬಂದಿದ್ದರೆ, ‘ಶನಿವಾರಕ್ಕೆ ಹಾಲ್ ಹಿಡಿದು ನೋಡು’ ಎಂಬ ಮಾತನ್ನೂ ಜೊತೆಗೆ ಸೇರಿಸುತ್ತಿದ್ದರು. ಪುರೋಹಿತರು ಕೊಟ್ಟ ಮುಹೂರ್ತ ಬುಧವಾರ ಬೆಳಿಗ್ಗೆ. ಹಾಲ್ ಖಾಲಿ ಇರುವುದು ಭಾನುವಾರ ಮಧ್ಯಾಹ್ನ. ಹುಡುಗನಿಗೆ ರಜೆ ಸಿಗುವುದು ಮುಂದಿನ ತಿಂಗಳು. ಬೆಂಗಳೂರಿನಿಂದ ಬರಬೇಕಾದ ಅಜ್ಜಿಯ ವೀಸಾ ಯಾವಾಗ ಕೈಗೆ ಬರುತ್ತದೋ ಆ ದೇವರಿಗೇ ಗೊತ್ತು. ಈ ನಾಲ್ಕನ್ನೂ ಒಂದೇ ದಿನಕ್ಕೆ ತಂದು ಕಟ್ಟುವ ಕೆಲಸ ಮಾತ್ರ ಸಾಮಾನ್ಯವಾಗಿ ಮನೆಯ ತಾಯಿಯದು.

ಇತ್ತೀಚೆಗೆ ನಮ್ಮ ಅಕ್ಕನ ಮಗಳ ಮದುವೆ ನಿಶ್ಚಯವಾಯಿತು. ರಿಜಿಸ್ಟ್ರಾರ್ ಕಚೇರಿಗೆ ನೋಟಿಸ್ ಕೊಡಲು ಹೊರಟ ಹುಡುಗಿ ದಾರಿಯಿಂದಲೇ ಫೋನ್ ಮಾಡಿದಳು. ‘ಅಮ್ಮಾ, ತಾಯಿಯ ಉದ್ಯೋಗ ಅಂತ ಕೇಳ್ತಾರಂತೆ. ಏನು ಬರೆಸಲಿ?’ ಅಕ್ಕನ ಎರಡೂ ಕೈ ಚಕ್ಕುಲಿ ಹಿಟ್ಟಿನಲ್ಲಿತ್ತು. ‘ಏನೂ ಇಲ್ಲ ಅಂತ ಬರೆಸು ಮಗೂ’ ಎಂದು ಹೇಳಿ ಅಕ್ಕ ಮತ್ತೆ ಒರಳು ಒತ್ತತೊಡಗಿದರು. ಹಾಗೆ ಹೇಳಿದವರು ಇಪ್ಪತ್ತು ವರ್ಷಗಳಿಂದ ಚಕ್ಕುಲಿ, ಕೋಡುಬಳೆ, ಹುಳಿಪುಡಿಯ ಆರ್ಡರ್ ಹಿಡಿದು, ಲೆಕ್ಕ ಬರೆದು, ಇಬ್ಬರು ಮಕ್ಕಳ ಓದಿನ ಖರ್ಚಿನಲ್ಲಿ ಅರ್ಧ ಹೊತ್ತವರು! ಪಕ್ಕದಲ್ಲೇ ಕುಳಿತಿದ್ದ ನಮಗೆ ಆ ‘ಏನೂ ಇಲ್ಲ’ ಎಂಬ ಮಾತು ಬಹಳ ದಿನ ಕಿವಿಯಲ್ಲೇ ಉಳಿಯಿತು. ಅವಸರದ ಮದುವೆ, ಮನೆಯೊಳಗಿನ ಉದ್ಯಮ, ದಿನಚರಿಯ ಪುಸ್ತಕ – ಈ ಮೂರಕ್ಕೂ ನಾವು ವಾಸಿಸುವ ಈ ಊರಿನಲ್ಲಿ ಒಂದು ಚರಿತ್ರೆಯಿದೆ. ಅದನ್ನು ಬಳಗದ ಓದುಗರ ಮುಂದಿಡೋಣ ಎನ್ನಿಸಿತು.

ಜೈಲಿನ ಮಗ್ಗುಲ ಮದುವೆಗಳು

ಅವಸರದ ಮದುವೆ ಎಂದರೆ ಈ ಕಾಲದ ಹುಡುಗರ ಕಾಯಿಲೆ ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಇದು ನಿಜವಲ್ಲ. ಇಂದಿನ ಫ್ಯಾರಿಂಗ್ಡನ್ ಸ್ಟ್ರೀಟಿನ ಬಳಿ ಹಿಂದೆ ಫ್ಲೀಟ್ ಎಂಬ ಜೈಲಿತ್ತು. ಸಾಲ ತೀರಿಸಲಾಗದವರನ್ನು ಅಲ್ಲಿಡುತ್ತಿದ್ದರು. ಅವರಲ್ಲಿ ಪಾದ್ರಿಗಳೂ ಇದ್ದರು. ನಿಯಮ ಮೀರಿ ಮದುವೆ ಮಾಡಿಸಿದರೆ ದಂಡ ಬೀಳುತ್ತಿತ್ತು, ಆದರೆ ಆಗಲೇ ಸಾಲದಲ್ಲಿ ಮುಳುಗಿದವನಿಗೆ ದಂಡದ ಭಯವೆಲ್ಲಿಯದು? ಮಳೆಯಲ್ಲಿ ನೆಂದವನಿಗೆ ಚಳಿಯೇನು ಎಂದ ಹಾಗೆ, ಅವರು ಜೈಲಿನ ಸುತ್ತಲಿನ ಹೆಂಡದಂಗಡಿಗಳಲ್ಲಿ ಕುಳಿತು ಬಂದವರಿಗೆಲ್ಲ ಮದುವೆ ಮಾಡಿಸತೊಡಗಿದರು. ಚರ್ಚಿನಲ್ಲಿ ಮೂರು ಭಾನುವಾರ ಸಾರಿ ಹೇಳುವ ಕಟ್ಟಳೆಯಿಲ್ಲ, ಹೆತ್ತವರ ಒಪ್ಪಿಗೆ ಬೇಕಿಲ್ಲ, ಖರ್ಚೂ ಕಡಿಮೆ. ದಾರಿಹೋಕರ ತೋಳು ಹಿಡಿದು ‘ಮದುವೆ ಆಗಬೇಕೆ ಸ್ವಾಮಿ?’ ಎಂದು ಕೇಳುವ ದಲ್ಲಾಳಿಗಳೂ ಹುಟ್ಟಿಕೊಂಡರು. 1740ರ ದಶಕದಲ್ಲಿ ಇಲ್ಲಿ ವರ್ಷಕ್ಕೆ 6,000 ಮದುವೆಗಳವರೆಗೂ ಆಗುತ್ತಿದ್ದುವು ಎಂಬ ಅಂದಾಜಿದೆ.

ಕೇಳಲು ಇದು ತಮಾಷೆಯಾಗಿದೆ. ಅನುಭವಿಸಿದವರಿಗೆ ಮಾತ್ರ ತಮಾಷೆಯಾಗಿರಲಿಲ್ಲ. ಹಣ ಕೊಟ್ಟರೆ ಹಿಂದಿನ ತಾರೀಖು ಹಾಕಿ ಬರೆಯುತ್ತಿದ್ದರು. ಸುಳ್ಳು ಹೆಸರುಗಳೂ ನಡೆಯುತ್ತಿದ್ದುವು. ಗಂಡ ‘ಈಕೆ ಯಾರೋ ನನಗೆ ಗೊತ್ತಿಲ್ಲ’ ಎಂದುಬಿಟ್ಟರೆ ಹೆಂಡತಿಯ ಕೈಯಲ್ಲಿ ಉಳಿಯುತ್ತಿದ್ದುದು ನಂಬಲಾಗದ ಒಂದು ಪುಸ್ತಕದ ಸಾಕ್ಷಿ ಮಾತ್ರ. ಆ ಪುಸ್ತಕಗಳು ಈಗ ಕ್ಯೂ ಗಾರ್ಡನ್ಸ್ ಬಳಿಯ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿವೆ.

ಇದನ್ನು ನಿಲ್ಲಿಸಲು ಲಾರ್ಡ್ ಹಾರ್ಡ್‌ವಿಕ್ 1753ರಲ್ಲಿ ವಿವಾಹ ಕಾಯಿದೆ ತಂದರು. ಅದು ಜಾರಿಗೆ ಬಂದದ್ದು 1754ರ ಮಾರ್ಚ್ 25ರಂದು. ಹಿಂದಿನ ದಿನ ಫ್ಲೀಟ್‌ನಲ್ಲಿ ನೂಕುನುಗ್ಗಲು! ಒಂದೇ ಪುಸ್ತಕದಲ್ಲಿ ಆ ಒಂದು ದಿನಕ್ಕೆ ಇನ್ನೂರಕ್ಕೂ ಹೆಚ್ಚು ಮದುವೆಗಳು ದಾಖಲಾಗಿವೆ. ಆ ಮೇಲೆ ಅವಸರವಿದ್ದವರು ಗಡಿ ದಾಟಿ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್ ಹಳ್ಳಿಗೆ ಓಡತೊಡಗಿದ ಕಥೆ ಎಲ್ಲರಿಗೂ ತಿಳಿದದ್ದೇ.

ಅವಸರ ಬೇರೆ, ಸರಳತೆ ಬೇರೆ

ಚರ್ಚಿನ ಹಂಗಿಲ್ಲದೆ ಸರ್ಕಾರಿ ಕಚೇರಿಯಲ್ಲಿ ಮದುವೆಯಾಗುವ ಅವಕಾಶ ಬಂದದ್ದು 1836ರ ಕಾಯಿದೆಯಿಂದ. 1837ರ ಜುಲೈ 1ರಿಂದ ಅದು ನಡೆದು ಬಂದಿದೆ. ನಮ್ಮ ತಲೆಮಾರಿನವರು ಇಲ್ಲಿಗೆ ಬಂದ ಕಾಲದಲ್ಲಿ ‘ಲೈಸೆನ್ಸ್’ ಪಡೆದರೆ, ನೋಟಿಸ್ ಕೊಟ್ಟು ನಡುವೆ ಒಂದೇ ದಿನ ಬಿಟ್ಟು ಮದುವೆಯಾಗಬಹುದಿತ್ತು. 2001ರಿಂದ ಅದು 15 ದಿನವಾಯಿತು. 2015ರ ಮಾರ್ಚ್‌ನಿಂದ 28 ದಿನ. ವಲಸೆಯ ಕಾಗದಪತ್ರ ಪರಿಶೀಲಿಸಬೇಕಾದಲ್ಲಿ ಅದು 70 ದಿನದವರೆಗೂ ಹೋಗಬಹುದು. ಇಂಡಿಯಾದ 1954ರ ವಿಶೇಷ ವಿವಾಹ ಕಾಯಿದೆಯೂ 30 ದಿನ ಕಾಯಿಸುತ್ತದೆ. ಒಟ್ಟಿನಲ್ಲಿ, ಎರಡೂ ದೇಶಗಳ ಸರ್ಕಾರಗಳಿಗೆ ಅವಸರ ಕಂಡರೆ ಅನುಮಾನ.

ಆದರೆ ಅವಸರವನ್ನೂ ಸರಳತೆಯನ್ನೂ ಒಂದೇ ಎಂದು ಭಾವಿಸಬಾರದು. 1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆಯನ್ನು ‘ಮಂತ್ರಮಾಂಗಲ್ಯ’ದ ರೀತಿಯಲ್ಲಿ ನೆರವೇರಿಸಿದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ವಧೂವರರು ತಮಗೆ ಅರ್ಥವಾಗುವ ಮಾತುಗಳಲ್ಲಿ ಪ್ರತಿಜ್ಞೆ ಮಾಡಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದು ಬಂದಿವೆ. ಇವೆಲ್ಲ ಬೇಗ ಮುಗಿಯುವ ಮದುವೆಗಳು, ಆದರೆ ಹಿಂದೆ ಬಹಳ ಯೋಚನೆ ಇರುವ ಮದುವೆಗಳು. ಫ್ಲೀಟ್‌ನ ಮದುವೆಯಲ್ಲಿ ಇಲ್ಲದಿದ್ದುದು ಆ ಯೋಚನೆಯೇ.

ಇಲ್ಲಿ ನಮ್ಮವರು ಎಚ್ಚರವಹಿಸಬೇಕಾದ ಒಂದು ಸಂಗತಿಯಿದೆ. ಇಂಡಿಯಾದ 1955ರ ಹಿಂದೂ ವಿವಾಹ ಕಾಯಿದೆಯಂತೆ, ಸಪ್ತಪದಿ ಇರುವ ಪದ್ಧತಿಯಲ್ಲಿ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ. ಇಂಗ್ಲೆಂಡಿನಲ್ಲಿ ಹಾಗಲ್ಲ. ಬಾಡಿಗೆ ಹಾಲಿನಲ್ಲಿ ಮಂಟಪ ಕಟ್ಟಿ, ಅಗ್ನಿಸಾಕ್ಷಿಯಾಗಿ, ಐನೂರು ಜನ ಅಕ್ಷತೆ ಹಾಕಿದರೂ ಕಾನೂನಿನ ಕಣ್ಣಿಗೆ ಮದುವೆಯೇ ಆಗಿಲ್ಲದಿರಬಹುದು. ಸೌಥಾಲ್‌ನ ರೆಸ್ಟೋರೆಂಟ್ ಒಂದರಲ್ಲಿ 1998ರಲ್ಲಿ ನಡೆದ ಮುಸ್ಲಿಂ ವಿವಾಹವೊಂದರ ಬಗ್ಗೆ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ತೀರ್ಪು ಕೊಟ್ಟಿತು. ಅದು ಕಾನೂನಿನ ಚೌಕಟ್ಟಿಗೇ ಬಾರದ ಸಮಾರಂಭ ಎಂಬುದೇ ಆ ತೀರ್ಪು. ದಂಪತಿಗಳು ಅಷ್ಟರಲ್ಲಿ ಸುಮಾರು ಹದಿನೆಂಟು ವರ್ಷ ಸಂಸಾರ ಮಾಡಿ ನಾಲ್ಕು ಮಕ್ಕಳನ್ನು ಪಡೆದಿದ್ದರು. ಇಂಥ ಮದುವೆ ಮುರಿದಾಗ ಸಾಮಾನ್ಯವಾಗಿ ನಷ್ಟವಾಗುವುದು ಹೆಣ್ಣಿಗೆ: ಆಸ್ತಿಯಲ್ಲಿ, ಪಿಂಚಣಿಯಲ್ಲಿ ಹೆಂಡತಿಯೆಂದು ಕೇಳುವ ಹಕ್ಕೇ ಇರುವುದಿಲ್ಲ. ಆದ್ದರಿಂದ ಮುಹೂರ್ತ ಇಡಿಸುವ ಮೊದಲು ರಿಜಿಸ್ಟ್ರಾರ್ ಕಚೇರಿಯ ದಿನ ಗೊತ್ತುಮಾಡಿ. ‘ಆಮೇಲೆ ಮಾಡಿಸಿದರಾಯಿತು’ ಎಂಬ ಮಾತು ಬೇಡ.

ಪಿನ್ನರ್‌ನ ಗೃಹಿಣಿ

ಮನೆಯ ಆಡಳಿತವನ್ನು ಒಂದು ಶಾಸ್ತ್ರವನ್ನಾಗಿ ಬರೆದು ಹೆಸರಾದವರು ಮಿಸೆಸ್ ಬೀಟನ್. ಅವರ ಗೃಹ ನಿರ್ವಹಣೆಯ ಪುಸ್ತಕ 1861ರಲ್ಲಿ ಪ್ರಕಟವಾಯಿತು. ಸಾವಿರಕ್ಕೂ ಹೆಚ್ಚು ಪುಟ. ಮೊದಲ ವರ್ಷವೇ 60,000 ಪ್ರತಿಗಳು ಮಾರಾಟವಾದುವು. ಪ್ರತಿ ಅಡಿಗೆಗೂ ಬೇಕಾದ ಸಾಮಾನು, ಹಿಡಿಯುವ ಹೊತ್ತು, ತಗಲುವ ಖರ್ಚು, ಎಷ್ಟು ಜನಕ್ಕೆ ಸಾಲುತ್ತದೆ, ಯಾವ ತಿಂಗಳಲ್ಲಿ ಮಾಡಬೇಕು ಎಂಬುದನ್ನೆಲ್ಲ ಕ್ರಮವಾಗಿ ಕೊಟ್ಟ ಪುಸ್ತಕವದು.

ಹೆಸರು ಕೇಳಿದವರು ದಪ್ಪ ಶರೀರದ, ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡ ಅಜ್ಜಿಯೊಬ್ಬರನ್ನು ಕಲ್ಪಿಸಿಕೊಳ್ಳುತ್ತಾರೆ. ನಿಜ ಸಂಗತಿ ಬೇರೆ. ಇಸಬೆಲ್ಲಾ ಬೀಟನ್ ಮದುವೆಯಾಗಿ ಪಿನ್ನರ್ ಬಳಿ ಸಂಸಾರ ಹೂಡಿದಾಗ ಇಪ್ಪತ್ತರ ಹುಡುಗಿ. ಇಂದು ಹ್ಯಾರೋ ಬರೋಗೆ ಸೇರಿದ, ನಮ್ಮ ಅನೇಕ ಬಂಧುಗಳು ಓಡಾಡುವ ಜಾಗವೇ ಅದು. ಪುಸ್ತಕ ಹೊರಬಂದಾಗ ಅವರಿಗೆ ಇಪ್ಪತ್ತೈದು. ಗಂಡನ ಪತ್ರಿಕೆಗಳಿಗೆ ಮನೆಯಲ್ಲೇ ಕುಳಿತು ಬರೆದರು, ಅವರೊಡನೆ ರೈಲಿನಲ್ಲಿ ಫ್ಲೀಟ್ ಸ್ಟ್ರೀಟ್ ಬಳಿಯ ಕಚೇರಿಗೂ ಹೋದರು. ಬಹಳಷ್ಟು ಅಡಿಗೆಗಳನ್ನು ಬೇರೆ ಪುಸ್ತಕಗಳಿಂದ, ಓದುಗರ ಪತ್ರಗಳಿಂದ ತೆಗೆದುಕೊಂಡದ್ದೂ ನಿಜ. ಅವರ ಸ್ವಂತ ಸಾಧನೆ ಇದ್ದದ್ದು ಅಡಿಗೆಯಲ್ಲಲ್ಲ, ಜೋಡಣೆಯಲ್ಲಿ. ಮೊದಲ ಎರಡು ಮಕ್ಕಳು ತೀರಿಕೊಂಡುವು. ನಾಲ್ಕನೆಯ ಹೆರಿಗೆಯ ನಂತರ ಬಾಣಂತಿ ಜ್ವರದಿಂದ 1865ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅವರೂ ತೀರಿಕೊಂಡರು. ಎಲ್ಲವನ್ನೂ ಅಚ್ಚುಕಟ್ಟಾಗಿ ನಡೆಸುವುದು ಹೇಗೆಂದು ದೇಶಕ್ಕೇ ಹೇಳಿದ ಹೆಂಗಸಿಗೆ ಬದುಕು ಅಚ್ಚುಕಟ್ಟಾಗಿರಲಿಲ್ಲ. ಎಲ್ಲ ಸರಿಯಾಗಿ ಮಾಡಲಾಗುತ್ತಿಲ್ಲವೆಂದು ಕೊರಗುವ ನಮ್ಮ ಸೊಸೆಯಂದಿರು ಇದನ್ನು ನೆನಪಿಡಲಿ.

ಅಡಿಗೆಮನೆಯಿಂದ ಅಂಗಡಿಗೆ

ಸುಮಾರು ನೂರು ವರ್ಷಗಳ ನಂತರ, 1956ರಲ್ಲಿ, ಲಕ್ಷ್ಮಿಶಂಕರ ಪಾಠಕ್ ಎಂಬ ಗುಜರಾತಿ ಗೃಹಸ್ಥರು ಕೀನ್ಯಾದಿಂದ ಸಂಸಾರ ಸಮೇತ ಲಂಡನ್ನಿಗೆ ಬಂದರು. ಸಿಕ್ಕ ಕೆಲಸ ಚರಂಡಿ ಸ್ವಚ್ಛ ಮಾಡುವುದು. ಕೆಂಟಿಷ್ ಟೌನ್‌ನ ಮನೆಯ ಅಡಿಗೆಕೋಣೆಯಲ್ಲಿ ಅವರೂ ಪತ್ನಿ ಶಾಂತಾಗೌರಿಯವರೂ ಸಮೋಸ, ಮಿಠಾಯಿ ಮಾಡಿ ಮಾರತೊಡಗಿದರು. ಮುಂದೆ ಯೂಸ್ಟನ್ ಬಳಿಯ ಡ್ರಮಂಡ್ ಸ್ಟ್ರೀಟಿನಲ್ಲಿ ಅಂಗಡಿಯಾಯಿತು. ಇಂದು ಸೂಪರ್‌ಮಾರ್ಕೆಟ್‌ಗಳಲ್ಲೆಲ್ಲ ಕಾಣುವ ‘ಪಟಾಕ್ಸ್’ ಉಪ್ಪಿನಕಾಯಿ, ಮಸಾಲೆಯ ಮೂಲ ಇದೇ. ಬೊಂಬಾಯಿಯ ಗಿರ್‌ಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲದಿಂದ ಹಪ್ಪಳದ ಕೆಲಸ ಆರಂಭಿಸಿ ‘ಲಿಜ್ಜತ್’ ಕಟ್ಟಿದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1959ರಲ್ಲಿ. ನಮ್ಮ ಬೆಂಗಳೂರಿನ ಎಂಟಿಆರ್ 1924ರಲ್ಲಿ ಹೋಟೆಲಾಗಿ ಹುಟ್ಟಿ, ತುರ್ತುಪರಿಸ್ಥಿತಿಯ ದಿನಗಳಲ್ಲಿ ತಿಂಡಿಯ ದರವನ್ನು ಸರ್ಕಾರವೇ ಕಟ್ಟಿಹಾಕಿದಾಗ ಪುಡಿಗಳ, ಮಿಕ್ಸ್‌ಗಳ ವ್ಯಾಪಾರ ಹಿಡಿಯಿತು. ಕೆಲಸ ಮುಗಿಸಿ ಟ್ಯೂಬಿನಲ್ಲಿ ಮನೆಗೆ ಬಂದು ಹತ್ತು ನಿಮಿಷದಲ್ಲಿ ರವೆ ಇಡ್ಲಿ ಇಡುವ ಲಂಡನ್ ತಾಯಂದಿರಿಗೆ ಇದರ ಬೆಲೆ ಗೊತ್ತು. ವಿಶೇಷವೆಂದರೆ ಪಟಾಕ್ಸ್ ಮತ್ತು ಎಂಟಿಆರ್ ಆಹಾರ ಕಂಪನಿ ಎರಡೂ ದೊಡ್ಡ ಕಂಪನಿಗಳ ಕೈಸೇರಿದ್ದು ಒಂದೇ ವರ್ಷ, 2007ರಲ್ಲಿ.

ಎಲ್ಲರ ಚಕ್ಕುಲಿಯೂ ಕಂಪನಿಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಮನೆಯಿಂದ ನಿಯಮಿತವಾಗಿ ತಿಂಡಿ ಮಾಡಿ ಮಾರುವವರು ವ್ಯಾಪಾರ ತೊಡಗುವ 28 ದಿನ ಮುಂಚೆ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು. ಶುಲ್ಕವಿಲ್ಲ. ಮದುವೆಗೂ 28 ದಿನ, ಚಕ್ಕುಲಿಗೂ 28 ದಿನ! ಈ ದೇಶದಲ್ಲಿ ಏನನ್ನೇ ಹಮ್ಮಿಕೊಂಡರೂ ಕ್ಯಾಲೆಂಡರಿನಲ್ಲಿ ನಾಲ್ಕು ವಾರ ಹಿಂದಕ್ಕೆ ಎಣಿಸುವ ಅಭ್ಯಾಸ ಮಾಡಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಒಂದು ಪುಸ್ತಕ ಉಳಿಸಿದ ಕಂಪನಿ

ವರ್ಷಕ್ಕೊಂದು ಅಚ್ಚಿನ ಡೈರಿ ಮಾರುವ ಪದ್ಧತಿ ಲಂಡನ್ನಿನ ಜಾನ್ ಲೆಟ್ಸ್ ಎಂಬುವರಿಂದ 1812ರಲ್ಲಿ ಮೊದಲಾಯಿತು. ಹಾಳೆ ಬಿಚ್ಚಿ ಸೇರಿಸುವ ಫೈಲೋಫ್ಯಾಕ್ಸ್ ಬಂದದ್ದು 1921ರಲ್ಲಿ. ಅದನ್ನು ತಂದ ಕಂಪನಿಯಲ್ಲಿ ಗ್ರೇಸ್ ಸ್ಕರ್ ಎಂಬಾಕೆ ಸೆಕ್ರೆಟರಿ. ಆ ಹೆಸರನ್ನು ಕೊಟ್ಟವರೂ ಅವರೇ. ಗಿರಾಕಿಗಳ, ಸಾಮಾನು ಪೂರೈಸುವವರ ವಿವರಗಳನ್ನೆಲ್ಲ ಅವರು ತಮ್ಮ ಸ್ವಂತ ಫೈಲೋಫ್ಯಾಕ್ಸ್‌ನಲ್ಲಿ ಬರೆದು ದಿನವೂ ಮನೆಗೆ ಒಯ್ಯುತ್ತಿದ್ದರು. 1940ರಲ್ಲಿ ಜರ್ಮನ್ ಬಾಂಬಿಗೆ ಕಚೇರಿ ಸುಟ್ಟುಹೋಯಿತು. ಕಂಪನಿ ಮತ್ತೆ ಎದ್ದು ನಿಂತದ್ದು ಆ ಒಂದು ಪುಸ್ತಕದಿಂದ. ಸೆಕ್ರೆಟರಿಯಾಗಿ ಬಂದಾಕೆ ಕೊನೆಗೆ ಕಂಪನಿಯ ಅಧ್ಯಕ್ಷೆಯಾದರು.

ಇದನ್ನು ಓದಿದಾಗ ನಮಗೆ ನೆನಪಾದದ್ದು ಅಕ್ಕನ ಎಣ್ಣೆ ಮೆತ್ತಿದ ನೋಟ್‌ಬುಕ್ಕು. ಯುಗಾದಿಗೆ ಯಾರು ಬಿಸಿಬೇಳೆ ಭಾತ್ ತರುತ್ತಾರೆ, ಯಾರು ಮೊಸರನ್ನ, ಯಾರ ಕಾರಿನಲ್ಲಿ ಜಾಗವಿದೆ, ಯಾವ ಮಗುವಿಗೆ ಕಡಲೆಕಾಯಿ ಆಗದು – ಎಲ್ಲ ಅದರಲ್ಲಿದೆ. ಒಂದು ವರ್ಷ ಹಾಲಿನವರು ನಮ್ಮ ದಿನವನ್ನು ಇನ್ನೊಬ್ಬರಿಗೂ ಕೊಟ್ಟುಬಿಟ್ಟಿದ್ದರು. ನಮ್ಮ ಕೈಕಾಲು ಆಡದಾದಾಗ, ಅಕ್ಕ ಅದೇ ಪುಸ್ತಕ ತೆಗೆದು ಒಂದು ಗಂಟೆಯಲ್ಲಿ ನಲವತ್ತು ಮನೆಗಳಿಗೆ ಫೋನ್ ಮಾಡಿ ಬೇರೆ ಜಾಗಕ್ಕೆ ಎಲ್ಲರನ್ನೂ ತಿರುಗಿಸಿದರು. ವರದಿಯಲ್ಲಿ ಮಾತ್ರ ಬಂದದ್ದು ಪದಾಧಿಕಾರಿಗಳ ಹೆಸರುಗಳು.

ಇದು ಅಕ್ಕನೊಬ್ಬರ ಕಥೆಯಲ್ಲ. 1881ರ ಬ್ರಿಟಿಷ್ ಜನಗಣತಿಯಲ್ಲಿ, ಮನೆಗೆಲಸದ ಹೆಂಡತಿಯರನ್ನು ‘ಉದ್ಯೋಗವಿಲ್ಲದವರು’ ಎಂಬ ಗುಂಪಿಗೆ ಸೇರಿಸಿದರು. 1837ರಿಂದ ಇಂಗ್ಲೆಂಡಿನ ಮದುವೆಯ ದಾಖಲೆಯಲ್ಲಿ ಇದ್ದದ್ದು ತಂದೆಯ ಹೆಸರು, ತಂದೆಯ ಉದ್ಯೋಗ ಮಾತ್ರ. ತಾಯಿಗೆ ಜಾಗವೇ ಇರಲಿಲ್ಲ. ಆ ಜಾಗ ದೊರೆತದ್ದು 2021ರ ಮೇ 4ರಂದು, ಅಂದರೆ 184 ವರ್ಷಗಳ ಬಳಿಕ! ಅಷ್ಟು ಕಾಲ ಕಾದು ಸಿಕ್ಕ ಕಾಲಮ್ಮಿನಲ್ಲಿ ನಾವೇ ‘ಏನೂ ಇಲ್ಲ’ ಎಂದು ಬರೆಸಬಹುದೆ?

ಆ ದಿನ ನಾವು ಅಕ್ಕನ ಕೈಯಿಂದ ಫೋನ್ ತೆಗೆದುಕೊಳ್ಳಬೇಕಾಗಿ ಬರಲಿಲ್ಲ. ಹುಡುಗಿಯೇ ಅತ್ತಲಿಂದ, ‘ಅಮ್ಮಾ, ತಿಂಡಿ ವ್ಯಾಪಾರ ಅಂತ ಬರೆಸ್ತೀನಿ, ಸುಮ್ಮನಿರು’ ಎಂದಳು. ಅಕ್ಕ ನಕ್ಕರು. ಒರಳಿನಿಂದ ಚಕ್ಕುಲಿ ಇಳಿಯುತ್ತಲೇ ಇತ್ತು.

ಓದುಗರಲ್ಲಿ ನಮ್ಮ ಕೋರಿಕೆ ಇಷ್ಟೆ. ನಿಮ್ಮ ಮನೆಯ ಹಳೆಯ ಡೈರಿ, ಆರ್ಡರ್ ಪುಸ್ತಕ, ಗೋಡೆಯ ಕ್ಯಾಲೆಂಡರುಗಳನ್ನು ರದ್ದಿಗೆ ಹಾಕಬೇಡಿ. ಈ ಊರಿನಲ್ಲಿ ಕನ್ನಡದವರು ಬದುಕು ಕಟ್ಟಿಕೊಂಡ ಬಗೆ ಅವುಗಳಲ್ಲಿದೆ. ಅಮ್ಮಂದಿರನ್ನು ಕೂರಿಸಿ ಕೇಳಿ, ಬರೆದು ನಮಗೆ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.