ಹೆಬ್ಬಾತಿನ ಹೆಸರು ಹೊತ್ತ ಮಿಷಿಗನ್ ಜನ



ಹೆಸರಿನ ಹಿಂದೆ ಚರಿತ್ರೆ ಇರುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದವರು ತಮ್ಮನ್ನು 'ಮಿಷಿಗ್ಯಾಂಡರ್' ಎಂದು ಕರೆದುಕೊಳ್ಳುತ್ತಾರೆ. ಈ ಪದ ಹುಟ್ಟಿದ್ದು ಹೇಗೆ ಎಂಬುದನ್ನು ಈ ಸಲ ನೋಡೋಣ.

ಮಿಷಿಗನ್ ಎಂಬುದು ಮೂಲದಲ್ಲಿ ಇಂಗ್ಲಿಷ್ ಪದವಲ್ಲ. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಭಾಷೆಯಲ್ಲಿ 'ಮಿಷಿಗಮಿ' ಎಂದರೆ ದೊಡ್ಡ ಜಲರಾಶಿ, ಮಹಾಸರೋವರ. ಇಂಗ್ಲಿಷಿನಲ್ಲಿ 'ಗ್ಯಾಂಡರ್' ಎಂದರೆ ಗಂಡು ಹೆಬ್ಬಾತು. ಪೆದ್ದ ಎಂಬ ಅರ್ಥವೂ ಅದಕ್ಕಿದೆ. ಬ್ರೇಕ್‌ಫಾಸ್ಟ್ ಮತ್ತು ಲಂಚ್ ಸೇರಿ 'ಬ್ರಂಚ್' ಆದಂತೆ, ಈ ಎರಡು ಪದಗಳನ್ನು ಬೆಸೆದಾಗ ಮಿಷಿಗ್ಯಾಂಡರ್ ಆಯಿತು.

ಇದನ್ನು ಪ್ರಸಿದ್ಧಗೊಳಿಸಿದವರು ಅಬ್ರಹಾಂ ಲಿಂಕನ್. 1848ರಲ್ಲಿ ಅವರಿನ್ನೂ ಇಲಿನಾಯ್ ರಾಜ್ಯದ ಸಂಸದ, ವಿಗ್ ಪಕ್ಷದವರು. ಆ ವರ್ಷದ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದಿಂದ ನಿಂತವರು ಲೂಯಿಸ್ ಕಾಸ್. ಅವರು 1813ರಿಂದ 1831ರವರೆಗೆ ಮಿಷಿಗನ್ ಪ್ರಾಂತ್ಯದ ಗವರ್ನರ್ ಆಗಿದ್ದವರು. ಬೆಂಬಲಿಗರು ಅವರನ್ನು ದೊಡ್ಡ ಯುದ್ಧವೀರ ಎಂದು ಹೊಗಳುತ್ತಿದ್ದರು. ಜುಲೈ 27ರಂದು ಸದನದಲ್ಲಿ ಮಾತನಾಡಿದ ಲಿಂಕನ್ ಆ ಹೊಗಳಿಕೆಯನ್ನು ಗೇಲಿ ಮಾಡುತ್ತಾ ಕಾಸ್ ಅವರನ್ನು ಮಿಷಿಗ್ಯಾಂಡರ್ ಎಂದು ಕರೆದರು. ತಮ್ಮನ್ನೂ ಅವರು ಬಿಡಲಿಲ್ಲ: ತಾನು ಯುದ್ಧಕ್ಕೆ ಹೋಗಿ ಹೋರಾಡಿದ್ದು ಸೊಳ್ಳೆಗಳ ಜೊತೆ ಎಂದು ನಗಿಸಿದರು. ಚುನಾವಣೆಯಲ್ಲಿ ಕಾಸ್ ಸೋತರು. ವಿಗ್ ಪಕ್ಷದ ಜಕಾರಿ ಟೇಲರ್ ಗೆದ್ದರು.

ಅಡ್ಡಹೆಸರು ಮಾತ್ರ ಉಳಿಯಿತು. ಅಲ್ಲಿನ ಜನ ಅದನ್ನು ಅವಮಾನವೆಂದು ತಳ್ಳಲಿಲ್ಲ, ನಗುತ್ತಲೇ ತಮ್ಮದಾಗಿಸಿಕೊಂಡರು. ಗ್ಯಾಂಡರ್ ಗಂಡಾದರೆ ಹೆಂಗಸರು 'ಮಿಷಿಗೂಸ್' ಎಂಬ ತಮಾಷೆಯೂ ಸೇರಿಕೊಂಡಿತು. 'ಮಿಷಿಗೇನಿಯನ್' ಎಂಬ ಗಂಭೀರ ಪದವೂ ಬಳಕೆಯಲ್ಲಿತ್ತು. ಆದರೆ 2017ರಲ್ಲಿ ರಾಜ್ಯದ ಚಾರಿತ್ರಿಕ ಸ್ಮಾರಕಫಲಕಗಳ ಕಾನೂನನ್ನು ತಿದ್ದಿದಾಗ ಅದರ ಜಾಗದಲ್ಲಿ ಬಂದದ್ದು ಮಿಷಿಗ್ಯಾಂಡರ್. ಗೇಲಿಯ ಮಾತು ಕಾನೂನಿನ ಮಾತಾಯಿತು!

ಗಡಿನಾಡಿನ ನಮಗೆ ಈ ಕಥೆ ದೂರದ್ದಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅತ್ತ ಹೋದರೆ ಕನ್ನಡದವರು, ಇತ್ತ ಬಂದರೆ ಕೇರಳದವರು ಎನಿಸಿಕೊಳ್ಳುವುದು ನಮಗೆ ಅಭ್ಯಾಸವಾಗಿದೆ. ಬೇರೆಯವರು ಇಟ್ಟ ಹೆಸರಿಗೆ ಅವರು ಕೊಟ್ಟ ಅರ್ಥವೇ ಕೊನೆಯದಲ್ಲ. ಅದನ್ನು ಹೊತ್ತು ಬದುಕುವವರ ಮಾತೂ ಅದರಲ್ಲಿ ಸೇರುತ್ತದೆ. ನಿಮ್ಮ ಊರಿನ, ಮನೆತನದ ಹೆಸರು ಬಂದದ್ದೆಲ್ಲಿಂದ? ಇಂದೇ ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಿ.