ಜಗಲಿಯ ಬೀಡಿ, ಶೆಡ್ಡಿನ ಬೀಡಿ

ಬೆಂಗಳೂರಿನ ಕಂಪನಿ ಕೆಲಸವನ್ನು ಊರಿನ ಹುಡುಗರು ಮನೆಯಲ್ಲೇ ಕೂತು ಮಾಡುವುದು ಹೊಸ ಕಾಲದ ಸಂಗತಿ ಅಂತ ನಾವು ಮಾತಾಡಿಕೊಳ್ಳುತ್ತೇವೆ. ವಾರಕ್ಕೆ ಎಷ್ಟು ದಿನ ಮನೆ, ಎಷ್ಟು ದಿನ ಆಫೀಸು ಎಂಬ ಚರ್ಚೆ ವಾಚನಾಲಯದಲ್ಲೂ ನಡೆಯುತ್ತದೆ. ಆದರೆ ಕಾಸರಗೋಡು, ಮಂಜೇಶ್ವರದ ಕಡೆಯವರಿಗೆ ಈ ಪ್ರಶ್ನೆ ಹಳತು. ಬೀಡಿ ಕಟ್ಟಿದ ನಮ್ಮ ತಾಯಂದಿರು ಇದನ್ನು ಬದುಕಿಯೇ ನೋಡಿದ್ದಾರೆ.

ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರಬೇಕು. ಎಲೆ ನೆನೆಸಿ, ಕತ್ತರಿಸಿ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕಟ್ಟಬೇಕು. ಮಗು ತೊಟ್ಟಿಲಲ್ಲಿ, ಗಂಜಿ ಒಲೆಯ ಮೇಲೆ. ಅಷ್ಟು ಅನುಕೂಲ ನಿಜ. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಬ್ರಾಂಚಿನಲ್ಲಿ "ಇದು ಸರಿಯಿಲ್ಲ" ಅಂತ ತೆಗೆದಿಟ್ಟ ಬೀಡಿಗೆ ಕೂಲಿಯಿಲ್ಲ. ಎಲೆ ಸಾಲದೆ ಬಂದರೆ ಕೈಯಿಂದ ದುಡ್ಡು ಹಾಕಬೇಕು. ಕೇಳೋಣವೆಂದರೆ ಒಬ್ಬೊಬ್ಬರು ಒಂದೊಂದು ಮನೆಯಲ್ಲಿ.

ಕಣ್ಣೂರಿನ ಶೆಡ್ಡುಗಳಲ್ಲಿ ಹಾಗಿರಲಿಲ್ಲ. ಒಬ್ಬ ಗಟ್ಟಿಯಾಗಿ ಪೇಪರು ಓದುತ್ತಿದ್ದ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಒಟ್ಟಿಗೆ ಕೂತವರು ಒಟ್ಟಿಗೆ ಕೇಳಲೂ ಕಲಿತರು. 1966ರಲ್ಲಿ ಬೀಡಿ ಕಾರ್ಮಿಕರ ಕಾನೂನು ಬಂತು. 1968ರಲ್ಲಿ ಕೇರಳ ಸರಕಾರ ಅದನ್ನು ಜಾರಿಗೆ ತಂದಾಗ ಮಂಗಳೂರಿನ ಕಂಪನಿಗಳು ಕಣ್ಣೂರು ಕಡೆಯ ಕೆಲಸ ನಿಲ್ಲಿಸಿದವು. ಸುಮಾರು 12,000 ಮಂದಿ ಕೆಲಸ ಕಳಕೊಂಡರು. 1969ರಲ್ಲಿ ಅವರಿಗಾಗಿ ಹುಟ್ಟಿದ ಸಹಕಾರಿ ಸಂಘವೇ ದಿನೇಶ್ ಬೀಡಿ.

ಆ ಕಾನೂನಿನ 29ನೇ ಕಲಮು ನೋಡಬೇಕಾದದ್ದು. ಕಾರ್ಮಿಕರ ಪರವಾಗಿ ಮಾಲಿಕ ಅರ್ಜಿ ಹಾಕಿದರೆ ಎಲೆ ನೆನೆಸುವ, ಕತ್ತರಿಸುವ ಕೆಲಸವನ್ನು ಶೆಡ್ಡಿನ ಹೊರಗೆ ಮಾಡಲು ಸರಕಾರ ಅನುಮತಿ ಕೊಡಬಹುದಿತ್ತು. ಮಾಲಿಕ ಅದರ ದಾಖಲೆ ಇಡಬೇಕಿತ್ತು. ಅರ್ಧ ಮನೆ, ಅರ್ಧ ಶೆಡ್ಡು! ಇವತ್ತು ಆಫೀಸಿನವರು ಹೇಳುವ ಏರ್ಪಾಡು ಅಂದೇ ಕಾನೂನಿನಲ್ಲಿತ್ತು.

ಮನೆಯಲ್ಲೇ ಕಟ್ಟುವವರ ಗತಿಯೇನು? 1977ರಲ್ಲಿ ಬೀಡಿ ಉದ್ಯಮಕ್ಕೆ ಪಿ.ಎಫ್. ಬಂದಾಗ, ಮನೆಯಲ್ಲಿ ಕೂತು ಕಟ್ಟುವವರು ನಮ್ಮ ನೌಕರರೇ ಅಲ್ಲ ಅಂತ ಮಾಲಿಕರು ವಾದ ಹೂಡಿದರು. 1985ರಲ್ಲಿ ಸುಪ್ರೀಂ ಕೋರ್ಟು ಆ ವಾದ ಒಪ್ಪಲಿಲ್ಲ. ಕಟ್ಟಿದ ಬೀಡಿಯನ್ನು ಬೇಡವೆಂದು ತಳ್ಳುವ ಹಕ್ಕು ನಿಮ್ಮಲ್ಲಿದ್ದರೆ ಕೆಲಸದ ಮೇಲಿನ ಹಿಡಿತವೂ ನಿಮ್ಮದೇ ಅಂದಿತು. ನಮ್ಮ ತಾಯಂದಿರ ಕಣ್ಣಲ್ಲಿ ನೀರು ತರಿಸಿದ ಆ ತಿರಸ್ಕಾರದ ರಾಶಿಯೇ ಅವರ ಪರವಾಗಿ ಸಾಕ್ಷಿ ಹೇಳಿತು.

ಎಲ್ಲಿ ಕೂತು ಮಾಡಬೇಕೆಂಬುದು ಮನೆಮನೆಯ ಅನುಕೂಲದ ಮಾತು. ಶೆಡ್ಡು ಬಾಣಂತಿಗೆ ಕಷ್ಟ, ಜಗಲಿ ಒಂಟಿಯಾದವಳಿಗೆ ನಷ್ಟ. ಲೆಕ್ಕ ಯಾರ ಕೈಯಲ್ಲಿದೆ, ನೌಕರ ಅಂತ ಬರೆದುಕೊಂಡಿದ್ದಾರೋ ಇಲ್ಲವೋ, ಕೇಳಲು ಜೊತೆಗೆ ಯಾರಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ಲ್ಯಾಪ್‌ಟಾಪ್ ಹಿಡಿದು ಕೂತ ಮಕ್ಕಳಿಗೂ ಇದೇ ಮಾತು.

ಮನೆಯ ಅಟ್ಟದಲ್ಲಿ ಅಮ್ಮನ ಬೀಡಿ ಪುಸ್ತಕ ಇದ್ದರೆ ಬಿಸಾಡಬೇಡಿ. ಅವಳು ದುಡಿದದ್ದಕ್ಕೆ ಬರಹದಲ್ಲಿ ಉಳಿದಿರುವುದು ಅದೊಂದೇ ಇರಬಹುದು.