ಬೂಜು ಮತ್ತು ಅಜ್ಜಿಯ ಸುಣ್ಣ

2021ರ ನವೆಂಬರ್ ಮಳೆ ನೆನಪಿದೆಯಲ್ಲ? ಬರಕ್ಕೇ ಹೆಸರಾದ ನಮ್ಮ ಕೋಲಾರ ಜಿಲ್ಲೆಯಲ್ಲಿ ಕೆರೆಗಳು ಕೋಡಿ ಹರಿದ ವರ್ಷ. ಆಗಲೇ ತಾಯಲೂರಿನ ನಮ್ಮ ಮಣ್ಣುಗೋಡೆಯ ಹಳೇ ಮನೆಗೆ ಬೂಜು ಹಿಡಿದದ್ದು. (ಬೂಷ್ಟು ಅನ್ನೋದನ್ನ ಆಂಧ್ರದ ಗಡಿಯ ನಾವು ತೆಲುಗಿನವರ ಹಾಗೆ ಬೂಜು ಅಂತೀವಿ.) ಅಜ್ಜಿಗೆ ಮೊದಲೇ ಉಬ್ಬಸ, ಈಗ ರಾತ್ರಿಯಿಡೀ ಕೆಮ್ಮು.

ಶನಿವಾರ ಊರಿಗೆ ಹೋದವನು ನನ್ನ ಇಂಜಿನಿಯರ್ ಬುದ್ಧಿ ತೋರಿಸಿದೆ. ಬಕೆಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಸಾಲದು ಅಂತ ಕಕ್ಕಸು ತೊಳೆಯೋ ಆಸಿಡ್ಡೂ ಸುರಿದೆ. ಘಾಟು ಎದ್ದು ಕಣ್ಣು ಉರಿ, ಉಸಿರು ಕಟ್ಟಿತು. ಎಲ್ಲ ಬಿಟ್ಟು ಹೊರಗೆ ಓಡಿದೆ. ಜಗಲಿಯಲ್ಲಿದ್ದ ಅಜ್ಜಿ, "ವರ್ಷಾ ವರ್ಷಾ ಸುಣ್ಣ ಬಳೀತಿದ್ರೆ ಇದ್ಯಾಕೆ ಬರ್ತಿತ್ತಪ್ಪಾ?" ಅಂದಳು.

ಆಮೇಲೆ ಓದಿದಾಗ ಗೊತ್ತಾಯ್ತು, ನನ್ನ ಬಕೆಟ್ಟಿನಲ್ಲಿ ಇದ್ದದ್ದೂ ಸುಣ್ಣವೇ! ಸ್ವೀಡನ್ನಿನ ಷೀಲೆ 1774ರಲ್ಲಿ ಕ್ಲೋರಿನ್ ಅನಿಲ ತಯಾರಿಸಿದ. ಅದು ಬಟ್ಟೆಯನ್ನು ಬೆಳ್ಳಗೆ ಮಾಡುತ್ತೆ ಅಂತ ಫ್ರಾನ್ಸಿನ ಬರ್ಥೊಲೆ 1785ರ ಹೊತ್ತಿಗೆ ತೋರಿಸಿದ. ಆದರೆ ಅನಿಲವನ್ನು ಸಾಗಿಸೋದು ಹೇಗೆ? 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಅದನ್ನು ಅರಳಿದ ಸುಣ್ಣಕ್ಕೆ ಹೀರಿಸಿ ಪುಡಿ ಮಾಡಿದ. ಅದೇ ಬ್ಲೀಚಿಂಗ್ ಪೌಡರ್. ಆಸಿಡ್ ಬಿದ್ದರೆ ಆ ಕ್ಲೋರಿನ್ ಮತ್ತೆ ಹೊರಗೆ ಬರುತ್ತೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ನರು ಎದುರಾಳಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ...

ಇನ್ನು ಅಜ್ಜಿಯ ಸುಣ್ಣ. ಹಸಿ ಸುಣ್ಣದ ಪಿಎಚ್ 12ಕ್ಕೂ ಮೇಲೆ, ಅದರಲ್ಲಿ ಬೂಜು ಬೆಳೆಯಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರುತ್ತಾ ಅದು ಸುಣ್ಣಕಲ್ಲಾಗುತ್ತೆ, ಖಾರ ಇಳಿಯುತ್ತೆ. ಹಬ್ಬಕ್ಕೆ ಮುಂಚೆ ಪ್ರತಿವರ್ಷ ಬಳಿಯುತ್ತಿದ್ದದ್ದು ಬರೀ ಅಂದಕ್ಕಲ್ಲ. ಮೇಲಾಗಿ ಸುಣ್ಣದ ಗೋಡೆ ತೇವವನ್ನು ಹೊರಗೆ ಬಿಡುತ್ತೆ, ಪ್ಲಾಸ್ಟಿಕ್ ಪೇಂಟ್ ಒಳಗೇ ಕೂಡಿಹಾಕುತ್ತೆ. ಅಕ್ಕನ ಮದುವೆಗೆ ಆ ಪೇಂಟ್ ಹೊಡೆಸಿದವನು ನಾನೇ.

ಎರಡನೇ ಸಲ ಕ್ರಮವಾಗಿ ಮಾಡಿದೆವು. ಮೊದಲು ಸೋರುತ್ತಿದ್ದ ಹೆಂಚು ಸರಿಮಾಡಿಸಿದೆವು, ನೀರು ನಿಲ್ಲದೆ ಬೂಜು ಹೋಗಲ್ಲ. ಅಜ್ಜಿಯನ್ನು ಚಿಕ್ಕಪ್ಪನ ಮನೆಗೆ ಕಳಿಸಿ, ಕಿಟಕಿ ತೆಗೆದು, ಮಾಸ್ಕು, ಗ್ಲೌಸು, ಕನ್ನಡಕ ಹಾಕಿಕೊಂಡು ಸೋಪು ನೀರಿನ ಬಟ್ಟೆಯಲ್ಲಿ ಒರೆಸಿದೆವು. ಒಣಗಿದ್ದನ್ನು ಕೆರೆದರೆ ಕಣಗಳು ಮನೆಯೆಲ್ಲ ಹಾರುತ್ತವೆ. ಸತ್ತ ಬೂಜೂ ಕೆಮ್ಮು ತರಿಸುತ್ತೆ, ಅದಕ್ಕೆ ಕೊಂದರೆ ಸಾಲದು, ತೆಗೆಯಲೇಬೇಕು. ಪೇಂಟನ್ನೂ ನೆನೆಸಿ ತೆಗೆದು, ಗೋಡೆ ಪೂರ್ತಿ ಒಣಗಿದ ಮೇಲೆ ಸುಣ್ಣ ಬಳಿದೆವು.

ಅಜ್ಜಿಯ ಉಬ್ಬಸ ಪೂರ್ತಿ ಹೋಗಿಲ್ಲ. ರಾತ್ರಿ ನಿದ್ದೆಯಂತೂ ಬರುತ್ತೆ. ಸಂಕ್ರಾಂತಿಗೆ ಮುಂಚೆ ಸುಣ್ಣ ಬಳಿಯೋದು ಈಗ ನನ್ನ ಪಾಳಿ.

ನಿಮ್ಮ ಕಡೆ ಬೂಜಿಗೆ ಏನಂತಾರೆ?